ಮೊದಲು ಕತ್ತಲು ಹೊಂದಿಸಿ, ಆಮೇಲೆ ಬೆಳಕು ಕೊಳ್ಳಿ

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ತಾಲ್ಲೂಕು, ಆಲ್ದೂರಿನಿಂದ ಸ್ವಲ್ಪ ಒಳಗಿರುವ ಹಳ್ಳಿ. ಹನ್ನೆರಡು ಜನರ ಬಳಗ ನಮ್ಮದು. ಅರ್ಧ ಜನ ಕಾಲೇಜಿಗೆ ಹೋಗುವವರು, ಅರ್ಧ ಜನ ತೋಟದ ಕೆಲಸದವರು. ನವೆಂಬರ್‌ನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಮೂರು ರಾತ್ರಿ ಊರಿನ ಶಾಲೆಯ ಗೋಡೆ ಮತ್ತು ಎದುರಿನ ಅರಳಿಮರದ ಮೇಲೆ ಬೆಳಕಿನಿಂದ ಏನಾದರೂ ಮಾಡಬೇಕು ಅಂತಿದ್ದೇವೆ. ಮಳೆ, ಕಾಫಿ, ಊರಿನ ಹಳೇ ಕಥೆಗಳು ಬರಬೇಕು. ಗೋಡೆ ತುಂಬ 'ಕನ್ನಡ' ಅಂತ ಮೂಡಬೇಕು. ಕೈಯಲ್ಲಿರುವುದು 15 ಸಾವಿರ ರೂಪಾಯಿ. ಬೆಂಗಳೂರಿನಲ್ಲಿ ವಿಚಾರಿಸಿದರೆ ದೊಡ್ಡ ಪ್ರೊಜೆಕ್ಟರಿನ ಬಾಡಿಗೆಯನ್ನೇ ಅದರ ನಾಲ್ಕು ಪಟ್ಟು ಹೇಳಿದರು. ಆನ್‌ಲೈನ್‌ನಲ್ಲಿ 6 ಸಾವಿರಕ್ಕೆ '9000 ಲುಮೆನ್ಸ್' ಪ್ರೊಜೆಕ್ಟರ್ ಸಿಗ್ತಿದೆ. ತಗೋಬಹುದಾ ಸರ್?

ಉತ್ತರ: ತಗೋಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಉತ್ತರ ಪೂರ್ತಿ ಓದುವಷ್ಟರಲ್ಲಿ ನಿಮ್ಮ ಬಳಗದ ಯಾರೋ ಒಬ್ಬರು ಆರ್ಡರ್ ಹಾಕಿಬಿಟ್ಟಾರು ಅನ್ನುವ ಭಯ ನನಗೆ.

ಪ್ರೊಜೆಕ್ಟರಿನ ಬೆಳಕನ್ನು ಅಳೆಯುವುದಕ್ಕೆ ಆನ್ಸಿ ಲುಮೆನ್ಸ್ ಅಂತ ಒಂದು ಕ್ರಮ ಇದೆ. ಪರದೆಯನ್ನು ಒಂಬತ್ತು ಮನೆ ಮಾಡಿ, ಒಂದೊಂದು ಮನೆಯ ನಡುವೆ ಎಷ್ಟು ಬೆಳಕು ಬೀಳುತ್ತೆ ಅಂತ ನೋಡಿ, ಸರಾಸರಿ ತೆಗೆಯುತ್ತಾರೆ. ಹಾಗೆ ಅಳೆದರೆ 5–6 ಸಾವಿರದ ಈ ಪ್ರೊಜೆಕ್ಟರುಗಳು ಸಾಮಾನ್ಯವಾಗಿ 100–200ರ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ಡಬ್ಬದ ಮೇಲಿನ 9000 ಸುಮ್ನೆ ಅಚ್ಚು ಹಾಕಿದ ಸಂಖ್ಯೆ. ಮನೆಯೊಳಗೆ ಕಿಟಕಿ ಮುಚ್ಚಿಕೊಂಡು ಸಿನಿಮಾ ನೋಡುವುದಕ್ಕೆ ಪರವಾಗಿಲ್ಲ. ಊರ ಗೋಡೆಗೆ ಸಾಲದು.

ಲೆಕ್ಕ ಸುಲಭ. ಪ್ರೊಜೆಕ್ಟರಿನ ಲುಮೆನ್ಸನ್ನು ಚಿತ್ರದ ವಿಸ್ತೀರ್ಣದಿಂದ ಭಾಗಿಸಿದರೆ ಗೋಡೆಯ ಮೇಲೆ ಎಷ್ಟು ಲಕ್ಸ್, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಲುಮೆನ್ಸ್ ಬೆಳಕು, ಬೀಳುತ್ತೆ ಅನ್ನುವುದು ಸಿಗುತ್ತದೆ. 4 ಮೀಟರ್ ಅಗಲ, 3 ಮೀಟರ್ ಎತ್ತರದ ಚಿತ್ರ ಅಂದರೆ 12 ಚದರ ಮೀಟರ್. 200 ಲುಮೆನ್ಸನ್ನು ಅದರ ಮೇಲೆ ಹರಡಿದರೆ 17 ಲಕ್ಸ್ ಕೂಡ ಆಗಲ್ಲ. ಶಾಲೆ ಮುಂದಿನ ಬೀದಿದೀಪವೇ ಆ ಗೋಡೆಗೆ 5–10 ಲಕ್ಸ್ ಕೊಡುತ್ತಿರಬಹುದು. ಪ್ರೊಜೆಕ್ಟರ್ ಕಪ್ಪು ಬಣ್ಣ ಬಿಡುವುದಿಲ್ಲ ಅನ್ನೋದನ್ನು ನೆನಪಿಡಿ. ಚಿತ್ರದಲ್ಲಿ ಕಪ್ಪು ಇರಬೇಕಾದ ಕಡೆ ಗೋಡೆ ಈಗಾಗಲೇ ಎಷ್ಟು ಬೆಳಗಿದೆಯೋ ಅಷ್ಟೇ ಕಾಣುತ್ತದೆ. ಬೀದಿದೀಪದಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಗೋಡೆ ನಿಮ್ಮ ಕಪ್ಪು. ಅದರ ಮೇಲೆ 17 ಲಕ್ಸಿನ ಚಿತ್ರ ಅಂದರೆ ತೊಳೆದು ತೊಳೆದು ಬಣ್ಣ ಹೋದ ಪಂಚೆ ಥರ.

ಇಲ್ಲಿ ಎರಡು ದಾರಿ ಇದೆ. ಬೆಳಕು ಜಾಸ್ತಿ ಮಾಡಬಹುದು, ಅದಕ್ಕೆ ದುಡ್ಡು ಬೇಕು. ಕತ್ತಲು ಜಾಸ್ತಿ ಮಾಡಬಹುದು, ಅದಕ್ಕೆ ನಾಲ್ಕು ಜನರ ಹತ್ತಿರ ಮಾತಾಡಿದರೆ ಸಾಕು. ನಾನು ಹಾಸನದಲ್ಲಿ ಇಪ್ಪತ್ತು ವರ್ಷದಿಂದ ಹವ್ಯಾಸಿ ನಾಟಕಗಳಿಗೆ ಬೆಳಕು ಮಾಡಿಕೊಂಡು ಬಂದವನು. ಬಜೆಟ್ ಅನ್ನುವ ಪದ ನಮ್ಮ ತಂಡಗಳಲ್ಲಿ ಯಾವತ್ತೂ ಗಂಭೀರವಾಗಿ ಬಳಕೆಯಾಗಿಲ್ಲ. ಹಾಗಾಗಿ ಎರಡನೇ ದಾರಿಯೇ ನನಗೆ ಚೆನ್ನಾಗಿ ಗೊತ್ತಿರೋದು.

ಮೊದಲು ಫೋನಿನಲ್ಲಿ ಒಂದು ಲಕ್ಸ್ ಮೀಟರ್ ಆಪ್ ಹಾಕಿಕೊಳ್ಳಿ. ಕರಾರುವಾಕ್ಕಾಗಿ ತೋರಿಸಲ್ಲ, ಆದರೆ ಈ ಕೆಲಸಕ್ಕೆ ಸಾಕು. ರಾತ್ರಿ ಏಳೂವರೆಗೆ ಹೋಗಿ ಫೋನಿನ ಮುಖವನ್ನು ಹೊರಗೆ ಮಾಡಿ ಗೋಡೆಗೆ ಒತ್ತಿ ಹಿಡಿಯಿರಿ. ಗೋಡೆಯ ಎರಡು ತುದಿ, ನಡುವೆ, ಮೇಲೆ, ಕೆಳಗೆ ಎಲ್ಲ ನೋಡಿ. 2 ಲಕ್ಸ್‌ಗಿಂತ ಕಡಿಮೆ ಇರುವ ಭಾಗ ನಿಮ್ಮ ಚಿತ್ರದ ಜಾಗ. ಚಂದ್ರನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹುಣ್ಣಿಮೆ ನೆತ್ತಿಯ ಮೇಲಿದ್ದರೂ ಕಾಲು ಲಕ್ಸ್‌ನ ಹತ್ತಿರಹತ್ತಿರ, ಅಷ್ಟೇ. ಅಮಾವಾಸ್ಯೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬೇಜಾರಿಲ್ಲ. ನಿಮ್ಮ ನಿಜವಾದ ಶತ್ರು ಕಂಬದ ಎಲ್ಇಡಿ. ಅದರ ಜೊತೆಗೆ ಪಕ್ಕದ ಮನೆಯ ಜಗುಲಿಯ ಬಲ್ಬು, ಕೊನೆಗೆ ಕಾರ್ಯಕ್ರಮ ನೋಡೋಕೆ ಬಂದವರ ಬೈಕುಗಳ ಹೆಡ್‌ಲೈಟು.

ಕಂಬಕ್ಕೆ ನೀವು ಹತ್ತಬೇಡಿ, ಗೋಣಿಚೀಲ ಕಟ್ಟುವ ಸಾಹಸವೂ ಬೇಡ. ಹಳ್ಳಿಗಳಲ್ಲಿ ಬೀದಿದೀಪದ ಸ್ವಿಚ್ ಎಷ್ಟೋ ಕಡೆ ಪಂಚಾಯ್ತಿಯ ನೀರಗಂಟಿ ಕೈಯಲ್ಲೇ ಇರುತ್ತದೆ. ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು, ಅವರಿಗೆ ಹೇಳಿ, ಮೂರು ದಿನ ಏಳರಿಂದ ಒಂಬತ್ತರವರೆಗೆ ಆ ಸಾಲು ಆರಿಸಿಸಿ. ಸ್ವಿಚ್ ಇಲ್ಲದೆ ತಾನಾಗಿ ಹತ್ತುವ ದೀಪ ಆದರೆ ಮೆಸ್ಕಾಂ ಲೈನ್‌ಮನ್ ಮೂಲಕವೇ ಆಗಬೇಕು. ಈ ಪಾಠ ನಾನು ಕಲಿತದ್ದು ಅರಸೀಕೆರೆ ಕಡೆಯ ಒಂದು ಊರಿನಲ್ಲಿ. ಸ್ವಿಚ್ ಆರಿಸಿದ್ದರು, ಕತ್ತಲು ಚೆನ್ನಾಗಿತ್ತು. ಆಟದ ನಡುವೆ ಯಾರೋ ಪುಣ್ಯಾತ್ಮರು "ಪಾಪ, ಇವರಿಗೆ ಕರೆಂಟ್ ಹೋಗಿದೆ" ಅಂತ ಹೋಗಿ ಸ್ವಿಚ್ ಹಾಕಿಬಿಟ್ಟರು. ಸ್ವಿಚ್ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿ.

ನವೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅದಾಗಿ ಮುಕ್ಕಾಲು ಗಂಟೆ ಕಾಯಬೇಕು. ಆರೂಕಾಲಿಗೆ ಶುರು ಮಾಡಿ "ಏನೂ ಕಾಣ್ತಿಲ್ಲ" ಅಂತ ಬೆವರಿದವರನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು ಮಾತು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ಹಾಗಾಗಿ ರಸ್ತೆಯಿಂದ ಶಾಲೆಯವರೆಗಿನ ದಾರಿಗೆ ಹಣತೆ ಇಡಿ, ಟ್ಯೂಬ್‌ಲೈಟ್ ಬೇಡ. ಜನ ಕತ್ತಲಲ್ಲಿ ನಡೆದು ಬರಲಿ. ಬಂದು ನಿಂತಾಗ ಅವರ ಕಣ್ಣು ಅರ್ಧ ತಯಾರಾಗಿರುತ್ತದೆ. ಇದು ಒಂದು ಪೈಸೆ ಖರ್ಚಿಲ್ಲದ ಪ್ರೊಜೆಕ್ಟರ್.

ಈಗ ಬೆಳಕಿಗೆ ಬರೋಣ. ನಿಮ್ಮ ಊರಿನ ಜೀಪುಗಳ ಫಾಗ್ ಲೈಟಿಗೆ ಹಾಕುವ ಎಚ್3 ಹ್ಯಾಲೊಜೆನ್ ಬಲ್ಬ್ ಗೊತ್ತಲ್ಲ, 12 ವೋಲ್ಟ್, 55 ವ್ಯಾಟಿನದು? ನನ್ನ ಪ್ರಕಾರ ಬೀದಿ ಕಲೆಗೆ ಇದಕ್ಕಿಂತ ಒಳ್ಳೆಯ ಪ್ರೊಜೆಕ್ಟರ್ ಇಲ್ಲ. ರಿಫ್ಲೆಕ್ಟರ್ ಬೇಡ, ಗಾಜಿನ ಮುಖ ಬೇಡ, ಬರೀ ಬಲ್ಬು. ಕಾರಣ ಅದರೊಳಗಿನ ತಂತಿ ತುಂಬಾ ಚಿಕ್ಕದು, ಸುಮಾರು 5 ಮಿಲಿಮೀಟರ್. ಬೆಳಕಿನ ಮೂಲ ಎಷ್ಟು ಚಿಕ್ಕದೋ ನೆರಳು ಅಷ್ಟು ಚೂಪು.

ಉದಾಹರಣೆಗೆ, ಬಲ್ಬಿನಿಂದ 1 ಮೀಟರ್ ದೂರದಲ್ಲಿ ರಟ್ಟಿನಲ್ಲಿ ಕತ್ತರಿಸಿದ ಒಂದು ಆನೆ, 5 ಮೀಟರ್ ದೂರದಲ್ಲಿ ಗೋಡೆ. ಆನೆ ಐದು ಪಟ್ಟು ದೊಡ್ಡದಾಗುತ್ತದೆ. 40 ಸೆಂಟಿಮೀಟರ್ ರಟ್ಟು 2 ಮೀಟರ್ ಎತ್ತರದ ಆನೆ. ಅಂಚಿನ ಮಸುಕು ಎಷ್ಟು? ಮೂಲದ ಅಳತೆಯನ್ನು ರಟ್ಟಿನಿಂದ ಗೋಡೆಗಿರುವ ದೂರದಿಂದ ಗುಣಿಸಿ, ಬಲ್ಬಿನಿಂದ ರಟ್ಟಿಗಿರುವ ದೂರದಿಂದ ಭಾಗಿಸಿ. 5 ಮಿಲಿಮೀಟರ್ ಗುಣಿಸು 4, ಅಂದರೆ 2 ಸೆಂಟಿಮೀಟರ್. ಆನೆಯ ಬಾಲದ ಕೂದಲೂ ಕಾಣುತ್ತೆ. ಅದೇ ಜಾಗದಲ್ಲಿ 10 ಸೆಂಟಿಮೀಟರ್ ಅಗಲದ ಎಲ್ಇಡಿ ಫ್ಲಡ್‌ಲೈಟ್ ಇಟ್ಟರೆ ಮಸುಕು 40 ಸೆಂಟಿಮೀಟರ್. ಆಗ ಗೋಡೆಯ ಮೇಲಿರೋದು ಆನೆಯೋ ಎಮ್ಮೆಯೋ ನಿಮಗೇ ಗೊತ್ತಾಗಲ್ಲ. ಜನ "ಜಾಸ್ತಿ ವ್ಯಾಟಿನ ಲೈಟ್ ತಂದೆವು, ಆದರೂ ನೆರಳು ಸರಿಯಾಗಿ ಬರ್ತಿಲ್ಲ" ಅನ್ನೋದು ಈ ಕಾರಣಕ್ಕೇ.

ನಮ್ಮ ತೊಗಲುಗೊಂಬೆಯವರಿಗೆ ಇದು ಲೆಕ್ಕ ಹಾಕದೆಯೇ ಗೊತ್ತಿತ್ತು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ಆಟದ ತುಣುಕುಗಳನ್ನು ನೀವೂ ನೋಡಿರಬಹುದು. ತೊಗಲುಗೊಂಬೆ ಆಟದಲ್ಲಿ ಗೊಂಬೆ ಬಿಳಿ ಪರದೆಗೆ ಅಂಟಿಕೊಂಡ ಹಾಗೇ ಇರುತ್ತದೆ, ಗಮನಿಸಿ. ಹಿಂದೆ ಉರಿಯುತ್ತಿದ್ದದ್ದು ಎಣ್ಣೆ ದೀಪ, ಅದರ ಜ್ವಾಲೆ ದೊಡ್ಡದು. ಗೊಂಬೆಯನ್ನು ಪರದೆಯಿಂದ ಒಂದು ಗೇಣು ಹಿಂದಕ್ಕೆ ತಂದರೂ ಅಂಚು ಕರಗಿ ಹೋಗುತ್ತಿತ್ತು. ಹದ ಮಾಡಿದ ತೊಗಲು ಬೆಳಕನ್ನು ಒಳಗೆ ಬಿಡುತ್ತದೆ, ಆದ್ದರಿಂದ ನೆರಳಿಗೂ ಬಣ್ಣ. ನಿಮಗೆ ತೊಗಲು ಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಗ್ಲಾಸ್ ಕಲರ್ ಹಚ್ಚಿದರೆ ಅದೇ ಕೆಲಸ ಆಗುತ್ತದೆ.

ಚಿಕ್ಕ ಮೂಲದಿಂದ ಚೂಪು ನೆರಳು ಅನ್ನುವ ಉಪಾಯವನ್ನೇ ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದವರು ಜರ್ಮನಿಯ ರಂಗತಂತ್ರಜ್ಞ ಅಡಾಲ್ಫ್ ಲಿನ್ನೆಬಾಕ್. ಅವರ ಹೆಸರಿನ ಲಾಂದ್ರದಲ್ಲಿ ಲೆನ್ಸೇ ಇಲ್ಲ. ಒಂದು ಕಪ್ಪು ಪೆಟ್ಟಿಗೆ, ಒಳಗೆ ಚಿಕ್ಕ ಮೂಲದ ದೀಪ, ತೆರೆದ ಬಾಯಿಗೆ ಚಿತ್ರ ಬರೆದ ಗಾಜು. ಅಷ್ಟೇ. ನೀವು ಹೀಗೆ ಮಾಡಿ. ಅಡುಗೆ ಎಣ್ಣೆಯ 15 ಲೀಟರಿನ ಟಿನ್ ಒಂದು ತನ್ನಿ, ಒಂದು ಅಗಲದ ಬದಿ ಪೂರ್ತಿ ಕತ್ತರಿಸಿ. ಒಳಗಡೆ ಬೈಕ್ ಸೈಲೆನ್ಸರಿಗೆ ಹೊಡೆಯುವ ಕಪ್ಪು ಪೇಂಟ್ ಹೊಡೆಯಿರಿ. ಟಿನ್ನಿನ ಹೊಳಪು ಹಾಗೇ ಉಳಿದರೆ ಒಂದೊಂದು ಮರಕ್ಕೆ ಎರಡೆರಡು ನೆರಳು ಬರುತ್ತದೆ. ರಟ್ಟಿನ ಪೆಟ್ಟಿಗೆ ಮಾತ್ರ ಬೇಡವೇ ಬೇಡ, ಹ್ಯಾಲೊಜೆನ್ ಬಲ್ಬ್ ಅದನ್ನು ಸುಡುತ್ತೆ. ಬಲ್ಬಿನ ಗಾಜನ್ನು ಬರಿ ಬೆರಳಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಅಂಟಿದ ಜಾಗದಲ್ಲಿ ಬಿಸಿ ಹೆಚ್ಚಾಗಿ ಬೇಗ ಸಾಯುತ್ತದೆ. ಬಲ್ಬನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ, ಯಾವ ಕೋನದಲ್ಲಿ ನೆರಳು ಚೂಪೋ ಅಲ್ಲಿ ಬಿಗಿಯಿರಿ.

ಫೋಟೊ ಫ್ರೇಮ್ ಅಂಗಡಿಯಲ್ಲಿ ಎರಡಡಿಗೆ ಒಂದೂವರೆ ಅಡಿ ಗಾಜು ಕತ್ತರಿಸಿ ಕೊಡುತ್ತಾರೆ. ಅದರ ಮೇಲೆ ಬೆಟ್ಟದ ಸಾಲು, ಸಿಲ್ವರ್ ಓಕ್ ಮರ, ಮೋಡ ಬರೆಯಿರಿ. ಬಲ್ಬಿನಿಂದ ಅರ್ಧ ಮೀಟರ್ ದೂರದಲ್ಲಿ ಗಾಜು, 5 ಮೀಟರ್ ದೂರದಲ್ಲಿ ಗೋಡೆ ಇದ್ದರೆ ಹತ್ತು ಪಟ್ಟು ಹಿಗ್ಗುತ್ತದೆ. ಅಂದರೆ ಇಪ್ಪತ್ತಡಿ ಅಗಲ, ಹದಿನೈದು ಅಡಿ ಎತ್ತರದ ಬೆಟ್ಟ. ಅಂಚು ನಾಲ್ಕೈದು ಸೆಂಟಿಮೀಟರ್ ಮಸುಕಾಗಿರುತ್ತದೆ. ಬೆಟ್ಟಕ್ಕೆ, ಮಂಜಿಗೆ ಅದೇ ಚೆಂದ. ಅಕ್ಷರಕ್ಕೆ ಆಗಲ್ಲ, ಅದಕ್ಕೆ ಬೇರೆ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಒಂದು ವಿಷಯ ಮುಚ್ಚಿಡಲ್ಲ. ಈ ಬಲ್ಬ್ ಸುಮಾರು 1450 ಲುಮೆನ್ಸ್ ಕೊಡುತ್ತದೆ, ಆದರೆ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. 5 ಮೀಟರ್ ಆಚೆಯ ಗೋಡೆಗೆ ತಲುಪುವುದು 4–5 ಲಕ್ಸ್ ಮಾತ್ರ. ಬೀದಿದೀಪ ಉರಿಯುತ್ತಿದ್ದರೆ ನಿಮ್ಮ ಬೆಟ್ಟ ಇದ್ದೂ ಇಲ್ಲದ ಹಾಗೆ. ಅದನ್ನು ಆರಿಸಿದರೆ ಹುಣ್ಣಿಮೆಗಿಂತ ಹದಿನಾರು–ಹದಿನೆಂಟು ಪಟ್ಟು ಬೆಳಕು! ಕತ್ತಲಲ್ಲಿ ನಡೆದು ಬಂದ ಕಣ್ಣಿಗೆ ಅದು ಧಾರಾಳ. ನೀರಗಂಟಿಯನ್ನು ಹಿಡಿಯಿರಿ ಅಂತ ನಾನು ಅಷ್ಟು ಹೇಳಿದ್ದು ಇದಕ್ಕೇ.

ಕರೆಂಟಿನ ಚಿಂತೆಯೂ ಕಡಿಮೆ. 55 ವ್ಯಾಟ್ ಅಂದರೆ ಐದು ಆಂಪಿಯರ್‌ಗಿಂತ ಕಡಿಮೆ. ಜೀಪಿನ ಬ್ಯಾಟರಿಯಲ್ಲಿ ಎರಡು ಗಂಟೆ ಆರಾಮಾಗಿ ಉರಿಯುತ್ತದೆ. 12 ವೋಲ್ಟ್ ಮಕ್ಕಳ ಕೈಗೆ ತಗುಲಿದರೂ ಶಾಕ್ ಹೊಡೆಯಲ್ಲ. ಆದರೆ ಬ್ಯಾಟರಿಯ ಎರಡು ತಂತಿ ಒಂದಕ್ಕೊಂದು ತಾಗಿದರೆ ವೈರೇ ಹತ್ತಿ ಉರಿಯುತ್ತದೆ, ಅದಕ್ಕೆ ಒಂದು 10 ಆಂಪಿಯರ್ ಫ್ಯೂಸ್ ಹಾಕಿ. ಮನೆಗೆ ಹೋಗುವಾಗ ಜೀಪ್ ಸ್ಟಾರ್ಟ್ ಆಗಬೇಕಲ್ಲ, ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಬೇಡಿ.

ಈಗ ನನ್ನ ಪ್ರೀತಿಯ ಯಂತ್ರ. ಹಿಂದೆ ಕಾಲೇಜುಗಳಲ್ಲಿ ಮೇಷ್ಟ್ರು ಪ್ಲಾಸ್ಟಿಕ್ ಹಾಳೆ ಇಟ್ಟು ಪಾಠ ಮಾಡುತ್ತಿದ್ದ ಓವರ್‌ಹೆಡ್ ಪ್ರೊಜೆಕ್ಟರ್, ಅಂದರೆ ಓಎಚ್‌ಪಿ ನೆನಪಿದೆಯಾ? ನಿಮ್ಮ ವಯಸ್ಸಿನವರಿಗೆ ನೆನಪಿರಲಿಕ್ಕಿಲ್ಲ, ಅಪ್ಪ ಅಮ್ಮನನ್ನು ಕೇಳಿ. ಒಂದು ಪೆಟ್ಟಿಗೆ, ಮೇಲೆ ಸುಮಾರು ಹತ್ತಿಂಚು ಚೌಕದ ಗಾಜು, ಅದರ ಮೇಲೆ ಕೋಲಿಗೆ ಸಿಕ್ಕಿಸಿದ ಲೆನ್ಸು ಮತ್ತು ಕನ್ನಡಿ. ಇವು ಈಗ ಯಾರಿಗೂ ಬೇಡ. ಎಷ್ಟೋ ಕಾಲೇಜುಗಳ ಸ್ಟೋರ್‌ರೂಮಿನಲ್ಲಿ ಮುರಿದ ಬೆಂಚಿನ ಕೆಳಗೆ ಕೂತಿವೆ. ನನ್ನ ಹತ್ತಿರ ಇರುವ ಎರಡೂ ಹಾಸನದ ಗುಜರಿಯಿಂದ ಬಂದವು. ಒಂದಕ್ಕೆ 1,200 ಕೊಟ್ಟೆ, ಇನ್ನೊಂದನ್ನು "ತಗೊಂಡು ಹೋಗಿ ಸಾರ್, ಜಾಗ ಆಗುತ್ತೆ" ಅಂತ ಹಾಗೇ ಕೊಟ್ಟರು. ಒಳಗೆ 24 ವೋಲ್ಟ್, 250 ವ್ಯಾಟಿನ ಹ್ಯಾಲೊಜೆನ್ ಇರುವಂಥವು ಸಾಮಾನ್ಯವಾಗಿ ಸಿಗುತ್ತವೆ. ಸುಮಾರು 2000 ಲುಮೆನ್ಸ್ ಬೆಳಕು. 4 ಮೀಟರ್ ದೂರ ಇಟ್ಟರೆ 3 ಮೀಟರ್ ಚೌಕದ ಚಿತ್ರ, ಗೋಡೆಯ ಮೇಲೆ 200 ಲಕ್ಸ್‌ಗೂ ಮೇಲೆ. ನಿಮ್ಮ '9000 ಲುಮೆನ್ಸ್' ಡಬ್ಬಕ್ಕೆ ಹೋಲಿಸಿದರೆ ಈ ಗುಜರಿ ಮಾಲು ಹತ್ತು ಪಟ್ಟು ಮೇಲು.

ಬೆಳಕಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಅದರ ಮೇಲೆ ಕೈಯಾಡಿಸಬಹುದು. ಗಾಜಿಗೆ ಗೀರು ಬೀಳದಿರಲಿ ಅಂತ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒಂದು ಹಿಡಿ ರಾಗಿ ಹರಡಿ. ಗೋಡೆ ಕಪ್ಪಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ರಾಗಿ ಕಾಳೂ ನೆಲ್ಲಿಕಾಯಿ ಗಾತ್ರದ ಕಪ್ಪು ಗುಂಡು. ಈಗ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಬೆರಳು ಸರಿದಲ್ಲೆಲ್ಲ ಬೆಳಕಿನ ದಾರಿ ತೆರೆಯುತ್ತದೆ, ಅಂಚಿನ ಕಾಳುಗಳು ಉರುಳಿ ಬಂದು ಮತ್ತೆ ಅರ್ಧ ಮುಚ್ಚುತ್ತವೆ. ಮಕ್ಕಳು ಹೊಳೆ ಬರೆಯುತ್ತಾರೆ, ಮನೆ ಬರೆಯುತ್ತಾರೆ, ಬಾಯಿಂದ ಊದಿ ಅಳಿಸುತ್ತಾರೆ. ಊರಿನ ಹಳೇ ಕಥೆ ಹೇಳುವ ಅಜ್ಜಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಅವರು ಹೇಳ್ತಾ ಹೋಗಲಿ, ಇವರು ಬರೆಯುತ್ತಾ ಹೋಗಲಿ. ವಿಡಿಯೊ ಮಾಡಿ ಎಡಿಟ್ ಮಾಡುವ ಒಂದು ತಿಂಗಳ ಕೆಲಸ ಉಳಿಯಿತು.

ಮಳೆಗೆ ಚಪ್ಪಟೆ ತಳದ ಗಾಜಿನ ಟ್ರೇಯಲ್ಲಿ ಬೆರಳುದ್ದದ ಕಾಲು ಭಾಗ ನೀರು. ಮೇಲೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಡ್ರಿಪ್ ಸೆಟ್ಟನ್ನು ನೀರಿನ ಬಾಟಲಿಗೆ ಸಿಕ್ಕಿಸಿ ತೂಗುಹಾಕಿ. ಚಕ್ರ ತಿರುಗಿಸಿ ಎರಡು ಸೆಕೆಂಡಿಗೆ ಒಂದು ಹನಿ ಬೀಳುವ ಹಾಗೆ ಮಾಡಿ. ಪ್ರತಿ ಹನಿಗೂ ಗೋಡೆಯ ಮೇಲೆ ಬಳೆಯಂಥ ಅಲೆ ಹುಟ್ಟಿ ಹತ್ತಡಿ ಅಗಲಕ್ಕೆ ಹರಡುತ್ತದೆ. ಹನಿಯ ವೇಗ ಹೆಚ್ಚಿಸಿದರೆ ಮುಂಗಾರು, ಕಡಿಮೆ ಮಾಡಿದರೆ ಮಳೆ ನಿಂತ ಮೇಲೆ ಹೆಂಚಿನಿಂದ ತೊಟ್ಟಿಕ್ಕುವ ನೀರು. ಚಮಚೆಯ ತುದಿಯಿಂದ ಕಾಫಿ ಡಿಕಾಕ್ಷನ್ ಬಿಡಿ, ಕಂದು ಹೊಗೆಯ ಥರ ಬಿಚ್ಚಿಕೊಳ್ಳುತ್ತದೆ. ನೀರು ಪೆಟ್ಟಿಗೆಯೊಳಗೆ ಚೆಲ್ಲದ ಹಾಗೆ ಒಬ್ಬರು ಪಕ್ಕದಲ್ಲೇ ಇರಲೇಬೇಕು. ಇದು 12 ವೋಲ್ಟ್ ಅಲ್ಲ, 230.

ನಿಮ್ಮ ಅರಳಿಮರ ಇದೆಯಲ್ಲ, ಅದರ ಎಲೆಗಳನ್ನು ಇವತ್ತೇ ಬಕೆಟ್ ನೀರಿನಲ್ಲಿ ನೆನೆಹಾಕಿ. ಮೂರ್ನಾಲ್ಕು ವಾರದಲ್ಲಿ ಹಸಿರು ಕೊಳೆತು ಹೋಗಿ ನರಗಳ ಬಲೆ ಮಾತ್ರ ಉಳಿಯುತ್ತದೆ. ಮೆತ್ತಗಿನ ಬ್ರಷ್‌ನಲ್ಲಿ ತೊಳೆದು ಪುಸ್ತಕದ ನಡುವೆ ಒಣಗಿಸಿ. ಓಎಚ್‌ಪಿ ಮೇಲೆ ಆ ಒಂದು ಎಲೆ ಸಾಕು, ಗೋಡೆ ತುಂಬ ಹೊಳೆ-ಹಳ್ಳಗಳ ನಕ್ಷೆ.

ಈಗ 'ಕನ್ನಡ'. ರಟ್ಟಿನಲ್ಲಿ ಅಕ್ಷರ ಕೊರೆದು ಅದರ ಹಿಂದೆ ದೀಪ ಇಡೋಣ ಅಂತ ನಿಮಗೆ ಹೊಳೆದಿರುತ್ತದೆ. ಇಂಗ್ಲಿಷಿನ ನೆಟ್ಟಗಿನ ಅಕ್ಷರಗಳಿಗೆ ಅದು ಅಷ್ಟು ಕಷ್ಟ ಅಲ್ಲ. ನಮ್ಮದು ಗುಂಡು ಲಿಪಿ. 'ಕ' ಕೊರೆಯೋಕೆ ಹೋದರೆ ಸುತ್ತಿನ ಒಳಗಿನ ತುಂಡು ಕಳಚಿ ಕೈಗೆ ಬರುತ್ತದೆ. ಅದನ್ನು ಹಿಡಿದಿಡಲು ಸೇತುವೆ ಬಿಟ್ಟರೆ ಅಕ್ಷರ ಒಡೆದ ಹಾಗೆ ಕಾಣುತ್ತದೆ. ಅದರ ಬದಲು ಓಎಚ್‌ಪಿ ಹಾಳೆಯ ಮೇಲೆ ಲೇಸರ್ ಪ್ರಿಂಟ್ ತೆಗೆಸಿ, ಕಪ್ಪು ಹಿನ್ನೆಲೆ, ಖಾಲಿ ಅಕ್ಷರ. ಒಂದು ಹಾಳೆಯ ಕಪ್ಪು ಸಾಲುವುದಿಲ್ಲ, ಅದೇ ಪ್ರಿಂಟ್ ಎರಡು ತೆಗೆಸಿ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಅಂಟಿಸಿ. ಅಂಗಡಿಯವರಿಗೆ ಲೇಸರ್‌ಗೆ ಆಗುವ ಹಾಳೆ ಅಂತಲೇ ಹೇಳಿ. ಇಂಕ್‌ಜೆಟ್ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಹಾಕಿದರೆ ಒಳಗೇ ಕರಗಿ ಅಂಟಿಕೊಳ್ಳಬಹುದು. ಆಮೇಲೆ ಅದರ ಮೇಲೆ ಹಳದಿ, ಕೆಂಪು ಜಿಲೆಟಿನ್ ಕಾಗದ ಇಟ್ಟರೆ ಬಾವುಟದ ಬಣ್ಣವೂ ಬಂತು.

ಮಕ್ಕಳ ಗುಂಪಿಗೆ ಗೋಡೆಯ ಒಂದು ಮೂಲೆ ಬಿಟ್ಟುಕೊಡಿ. ಕೆಂಪು, ಹಸಿರು, ನೀಲಿಯ 10 ವ್ಯಾಟ್ ಫ್ಲಡ್‌ಲೈಟ್ ಒಂದೊಂದು, ಅರ್ಧ ಮೀಟರ್ ಅಂತರದಲ್ಲಿ ಸಾಲಾಗಿ, ಗೋಡೆಯಿಂದ ಐದಾರು ಮೀಟರ್ ದೂರ ನೆಲದ ಮೇಲೆ. ಮೂರೂ ಸೇರಿದ ಕಡೆ ಗೋಡೆ ಬಿಳಿ. ಗೋಡೆ ಹತ್ತಿರ ಒಂದು ಮಗು ನಿಂತರೆ ಮೂರು ನೆರಳು ಬೀಳುತ್ತವೆ, ಒಂದು ತಿಳಿನೀಲಿ, ಒಂದು ಹಳದಿ, ಒಂದು ನೇರಳೆಗೆಂಪು. ಕೆಂಪು ದೀಪವನ್ನು ಮರೆ ಮಾಡಿದಲ್ಲಿ ಹಸಿರು ನೀಲಿ ಮಾತ್ರ ಉಳಿಯುತ್ತವಲ್ಲ, ಅದು ತಿಳಿನೀಲಿ. ಉಳಿದವೂ ಹಾಗೇ. ನಡೆಸೋಕೆ ಯಾರೂ ಬೇಕಿಲ್ಲ. ದೊಡ್ಡವರು ಮೊದಲು ನಾಚಿಕೊಂಡು ದೂರ ನಿಲ್ಲುತ್ತಾರೆ, ಹತ್ತು ನಿಮಿಷ ಬಿಟ್ಟು ನೋಡಿ, ಪಂಚಾಯ್ತಿ ಮೆಂಬರೂ ಕೈ ಕುಣಿಸುತ್ತಿರುತ್ತಾರೆ.

ಮರದ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಎಲೆಗಳ ಮೇಲೆ ಚಿತ್ರ ನಿಲ್ಲುವುದಿಲ್ಲ, ಚೂರು ಚೂರಾಗಿ ಹೋಗುತ್ತದೆ. ಕೆಂಪು ಬೆಳಕು ಬಿಟ್ಟರೆ ಹಸಿರು ಎಲೆ ಕಪ್ಪಗೆ ಕಾಣುತ್ತದೆ. ಬೊಡ್ಡೆಯ ಬುಡಕ್ಕೆ ಒಂದು ಹಳದಿ ದೀಪ ಒತ್ತಿ ಇಟ್ಟು ಮೇಲ್ಮುಖ ಮಾಡಿ. ಬೆಳಕು ತೊಗಟೆಯನ್ನು ಸವರಿಕೊಂಡು ಹೋದರೆ ಪ್ರತಿ ಗಂಟು, ಪ್ರತಿ ಬಿರುಕೂ ಎದ್ದು ಕಾಣುತ್ತದೆ. ಉಳಿದದ್ದನ್ನು ಮರವೇ ಮಾಡಿಕೊಳ್ಳುತ್ತೆ. ಅರಳಿ ಎಲೆ ಗಾಳಿ ಇಲ್ಲದಿದ್ದರೂ ಅಲ್ಲಾಡುತ್ತದೆ, ಅಲ್ವಾ? ರಾತ್ರಿ ಪೂರ್ತಿ ಉರಿಸಬೇಡಿ, ಮರದಲ್ಲಿ ಮಲಗಿರುವ ಹಕ್ಕಿಗಳಿರುತ್ತವೆ. ಇದನ್ನೇ ಮುಂದೆ ಯಾವಾಗಲಾದರೂ ಮೇ–ಜೂನ್‌ನಲ್ಲಿ ಮಾಡುವ ಯೋಚನೆ ಬಂದರೆ ಮರ ಬೇಡ. ಆಗ ನಿಮ್ಮ ಕಡೆ ಮಿಂಚುಹುಳುಗಳ ಕಾಲ. ಅವು ಜೊತೆ ಹುಡುಕೋದೇ ಮಿಣುಕಿನಿಂದ. ಅವುಗಳ ನಡುವೆ ನಮ್ಮ ದೀಪ ಯಾಕೆ?

ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಇದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ. 3000 ಲುಮೆನ್ಸ್ ಇದ್ದರೂ ಗೋಡೆ ಪೂರ್ತಿ ಹರಡಬೇಡಿ, ಒಂದು ಕಿಟಕಿ, ಒಂದು ಬಾಗಿಲಿಗೆ ಇಟ್ಟುಕೊಳ್ಳಿ. ಪ್ರೊಜೆಕ್ಟರನ್ನು ಗಟ್ಟಿ ಮೇಜಿನ ಮೇಲೆ ಕೂರಿಸಿ, ಕಂಪ್ಯೂಟರಿನಲ್ಲಿ ಕಪ್ಪು ಹಾಳೆ ತೆರೆಯಿರಿ. ಮೌಸ್ ಹಿಡಿದು, ಗೋಡೆಯನ್ನೇ ನೋಡುತ್ತಾ, ಕಿಟಕಿಯ ಅಂಚಿನ ಮೇಲೆ ಗೆರೆ ಎಳೆಯುತ್ತಾ ಹೋಗಿ. ಆ ಗೆರೆಯೊಳಗೆ ಏನು ಬರೆದರೂ ಕಿಟಕಿಗೆ ಅಳೆದು ಹೊಲಿಸಿದ ಹಾಗೆ ಕೂರುತ್ತದೆ. ವಿಡಿಯೊ ಹೀಗೆ ಕೂರಿಸಬೇಕು ಅಂದರೆ ಮ್ಯಾಪ್‌ಮ್ಯಾಪ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಆಮೇಲೆ ಯಾರಾದರೂ ಮೇಜಿಗೆ ಒರಗಿದರೋ, ಎಲ್ಲ ಮೊದಲಿನಿಂದ. ಮೇಜಿನ ಕಾಲುಗಳ ಸುತ್ತ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ.

ಇಬ್ಬನಿ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಕೆಲವು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಂದು ಕಾಫಿ ಕಣದಲ್ಲಿ ಆಟ ಇಟ್ಟುಕೊಂಡಿದ್ದೆವು. ಏಳೂವರೆಗೆ ಚಿತ್ರ ಗರಿಗರಿ. ಎಂಟೂಕಾಲಿಗೆ ಏನೋ ಮಂಕು. ಬಲ್ಬ್ ಹೋಗ್ತಿದೆ ಅಂದುಕೊಂಡೆ, ವೋಲ್ಟೇಜ್ ನೋಡಿದೆ, ವೈರ್ ಎಲ್ಲ ಅಲ್ಲಾಡಿಸಿದೆ. ಹಿಂದೆ ನಿಂತಿದ್ದ ಒಬ್ಬ ಹಿರಿಯರು "ಡಿಮ್ಮಾಯ್ತಲ್ಲೋ" ಅಂತ ಎದ್ದು ಹೋದರು, ಅವರ ಹಿಂದೆ ಅರ್ಧ ಊರು. ಕೊನೆಗೆ ಟಾರ್ಚ್ ಹಾಕಿ ನೋಡಿದರೆ ಓಎಚ್‌ಪಿಯ ಮೇಲಿನ ಕನ್ನಡಿ, ಲೆನ್ಸು ಎರಡರ ಮೇಲೂ ಸಣ್ಣ ಹನಿಗಳ ಪದರ, ಸ್ನಾನದ ಮನೆಯ ಕನ್ನಡಿ ಥರ. ತೆರೆದ ಆಕಾಶದ ಕೆಳಗೆ ಗಾಜು ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತದೆ, ಇಬ್ಬನಿ ಮೊದಲು ಅಲ್ಲೇ ಕೂರೋದು. ಅಂಗಿಯಲ್ಲಿ ಒರೆಸಿದೆ, ಕಲೆ ಹರಡಿ ಇನ್ನೂ ಕೆಟ್ಟಿತು. ಈಗ ಪ್ರತಿ ಯಂತ್ರದ ಮೇಲೂ ಒಂದು ದೊಡ್ಡ ಕೊಡೆ ಕಟ್ಟುತ್ತೇನೆ. ಆಕಾಶ ಮರೆಯಾದರೆ ಅರ್ಧ ಸಮಸ್ಯೆ ಮುಗಿಯಿತು. ಆಟಕ್ಕೆ ಅರ್ಧ ಗಂಟೆ ಮೊದಲೇ ದೀಪ ಹಾಕಿ ಬಿಸಿ ಮಾಡಿಡುತ್ತೇನೆ, ನಡುವೆ ಆರಿಸುವುದಿಲ್ಲ. ಜೇಬಿನಲ್ಲಿ ಒಣ ಹತ್ತಿಬಟ್ಟೆ.

ಮಂಜು ಇಳಿದರೆ ಹೆದರಬೇಡಿ. ನಾಲ್ಕೈದು ಮೀಟರ್ ದೂರದಲ್ಲಿ ಗೋಡೆಯ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ. ಪಕ್ಕದಿಂದ ನೋಡುವವರಿಗೆ ಬೆಳಕಿನ ಕೋಲುಗಳೇ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತವೆ. ಪಟ್ಟಣದವರು ಇದಕ್ಕೆ ಹೊಗೆ ಮೆಷಿನ್ ಬಾಡಿಗೆಗೆ ತರುತ್ತಾರೆ.

ಮಾಡಬಾರದ್ದು ಎರಡು. ತೋಟದ ಅಲಂಕಾರಕ್ಕೆ ಅಂತ ಮಾರುವ ಹಸಿರು ಲೇಸರ್ ಚುಕ್ಕಿಗಳ ಡಬ್ಬ ಬೇಡ. ಅಗ್ಗದ ಲೇಸರುಗಳ ಶಕ್ತಿ ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚಿರುವುದುಂಟು, ಮಕ್ಕಳು ಅದರೊಳಗೆ ಇಣುಕುತ್ತಾರೆ, ಕಣ್ಣಿಗೆ ಆದ ಗಾಯ ವಾಪಸ್ ಬರಲ್ಲ. ಎರಡನೆಯದು, ಇದು ಚೆನ್ನಾಗಿ ಆದರೆ "ಮುಂದಿನ ಸಲ ಬೇಲೂರಿನ ದೇವಸ್ಥಾನದ ಮೇಲೆ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಲೂರು, ಹಳೇಬೀಡು 2023ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಏನೂ ಮಾಡುವ ಹಾಗಿಲ್ಲ. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆ ಬಳಪದ ಕಲ್ಲು ಕಪ್ಪಗಿದೆ, ಬಿದ್ದ ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ. ಸುಣ್ಣ ಬಳಿದ ನಿಮ್ಮ ಶಾಲೆಯ ಗೋಡೆ ಮುಕ್ಕಾಲು ಪಾಲನ್ನು ವಾಪಸ್ ಕೊಡುತ್ತೆ. ಮದನಿಕೆ ಬೇಕು ಅಂದರೆ ಗಾಜಿನ ಮೇಲೆ ಬರೆದು ನಿಮ್ಮ ಊರಿಗೇ ಕರೆತನ್ನಿ.

ಶಾಲೆಯಿಂದ ಕರೆಂಟ್ ತೆಗೆದುಕೊಳ್ಳುವ ಕಡೆ ಎಲೆಕ್ಟ್ರಿಷಿಯನ್ ಹತ್ತಿರ, ಕರೆಂಟ್ ಸೋರಿದರೆ ತಾನಾಗಿ ಆರಿಹೋಗುವ 30 ಮಿಲಿ ಆಂಪಿಯರಿನ ಸ್ವಿಚ್, ಅಂದರೆ ಆರ್‌ಸಿಸಿಬಿ ಹಾಕಿಸಿ, ಅವರು ಇಎಲ್‌ಸಿಬಿ ಅಂತ ಕರೆಯಬಹುದು. ಹುಲ್ಲು ಒದ್ದೆ, ಮಕ್ಕಳು ಬರಿಗಾಲು, ಇದರಲ್ಲಿ ಮಾತ್ರ ಜಿಪುಣತನ ಬೇಡ. ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ನೆಲದಿಂದ ಮೇಲೆ ಕುರ್ಚಿಯ ಮೇಲಿಡಿ. ನಿಮ್ಮ ಕಡೆ ಆನೆ ಓಡಾಟ ಇರುವ ದಿನ ಆದರೆ ಅರಣ್ಯ ಇಲಾಖೆಯವರ ಮೆಸೇಜ್ ನೋಡಿಕೊಂಡು ಒಂಬತ್ತಕ್ಕೆ ಮೊದಲೇ ಮುಗಿಸಿ. ತೋಟದ ದಾರಿಯಲ್ಲಿ ನಡೆದು ಹೋಗುವವರು ಗುಂಪಾಗಿ ಹೋಗಲಿ.

ದುಡ್ಡಿನ ಲೆಕ್ಕ ಹೀಗೆ ಬರಬಹುದು. ಓಎಚ್‌ಪಿ ಪುಕ್ಕಟೆ ಸಿಗದಿದ್ದರೆ 2 ಸಾವಿರ ಇಟ್ಟುಕೊಳ್ಳಿ, ಅದರ ಎರಡು ಬಲ್ಬಿಗೆ ಸಾವಿರ. ಮೂರು ಬಣ್ಣದ ಫ್ಲಡ್‌ಲೈಟ್‌ಗೆ 2 ಸಾವಿರ. ಎಣ್ಣೆ ಟಿನ್ನಿನ ಲಾಂದ್ರ ಎರಡು, ಬಲ್ಬು, ವೈರು, ಗಾಜು, ಗ್ಲಾಸ್ ಕಲರ್ ಎಲ್ಲ ಸೇರಿ ಎರಡೂವರೆ ಸಾವಿರ. ಆರ್‌ಸಿಸಿಬಿ, ಒಳ್ಳೆಯ ಕೇಬಲ್, ಎಲೆಕ್ಟ್ರಿಷಿಯನ್ ಕೂಲಿಗೆ 4 ಸಾವಿರ. ಇಷ್ಟಾದರೂ ಮೂರು ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ. ಅದನ್ನು ಮುಟ್ಟಬೇಡಿ. ಎರಡನೇ ರಾತ್ರಿ ಏನೋ ಒಂದು ಕೆಡುತ್ತೆ.

ಒಂದು ವಾರ ಮೊದಲು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಬೀದಿದೀಪ ಆರಿಸಿಯೇ ಒಮ್ಮೆ ಎಲ್ಲ ಹಚ್ಚಿ ನೋಡಿ. ನಿಮ್ಮ ಹನ್ನೆರಡು ಜನ ಬಿಟ್ಟು ಯಾರನ್ನೂ ಕರೆಯಬೇಡಿ. ಆ ರಾತ್ರಿ ಗೋಡೆಗೆ ಎಷ್ಟು ಲಕ್ಸ್ ಬಿತ್ತು ಅಂತ ಬರೆದಿಟ್ಟುಕೊಂಡು ನನಗೂ ಕಳಿಸಿ. ಓಎಚ್‌ಪಿಗೆ ಬಲ್ಬ್ ಸಿಗದಿದ್ದರೆ ಹಳೇ ಬಲ್ಬಿನ ತಳದಲ್ಲಿ ಬರೆದ ವೋಲ್ಟ್, ವ್ಯಾಟ್ ಜೊತೆಗೆ ಅದರ ಪಿನ್ನುಗಳ ಫೋಟೊ ತೆಗೆದು ಕಳಿಸಿ, ನನ್ನ ಪೆಟ್ಟಿಗೆಯಲ್ಲಿ ಒಂದೆರಡು ಇರಬೇಕು.